ಆಲೂಗೆಡ್ಡೆ ಮರಕ್ಕೊಂದು ಚಳಿಗಾಲ

ನಿಮ್ಮ ತೋಟದಲ್ಲೂ ಇಂಥದ್ದೊಂದು ಮರ ಇರಬಹುದು. ಯಾರು ನೆಟ್ಟರೋ ಗೊತ್ತಿಲ್ಲ, ಯಾವ ತಳಿಯೋ ಗೊತ್ತಿಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ, ಮರುವರ್ಷ ಮುನಿಸಿಕೊಂಡಂತೆ ಬರೀ ಎಲೆ. ಹಣ್ಣು ನೋಡಲು ಚೆಂದವಿಲ್ಲ, ಕಚ್ಚಿದರೆ ಹಲ್ಲು ಜುಮ್ಮೆನ್ನುತ್ತದೆ. ಇದನ್ನು ಕಡಿಸಿಬಿಟ್ಟರೆ ಆ ಜಾಗದಲ್ಲಿ ಒಳ್ಳೆಯದೇನಾದರೂ ಹಾಕಬಹುದಿತ್ತು ಎಂದು ಮನೆಯಲ್ಲಿ ಯಾರಾದರೊಬ್ಬರು ಆಗಾಗ ಗೊಣಗಿರುತ್ತಾರೆ. ಹಾಗೆ ಗೊಣಗಿದವರು ನೀವೇ ಆಗಿದ್ದರೆ ಸ್ವಲ್ಪ ಹೊತ್ತು ಹೀಗೆ ಬನ್ನಿ, ಕುಳಿತುಕೊಳ್ಳಿ. ಆತುರಮ್ಮನ ಕಥೆ ಹೇಳುತ್ತೇನೆ.

ಆತುರಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಂಡವರು ಇಟ್ಟದ್ದು. ಆದರೂ ಅಳತೆ ತೆಗೆದು ಹೊಲಿಸಿದ ಹಾಗೆ ಅವಳಿಗೆ ಒಪ್ಪಿತ್ತು. ಗೋಡೆಗೆ ಬಣ್ಣ ಬಳಿದರೆ ಒಣಗಿತೇ ಎಂದು ಮುಟ್ಟಿ ನೋಡಿ ಬೆರಳಿನ ಗುರುತು ಉಳಿಸುವವಳು. ಒಲೆಯ ಮೇಲೆ ಪಾತ್ರೆ ಇಟ್ಟರೆ ಬೇಯುವ ಮೊದಲೇ ಹತ್ತು ಸಲ ಮುಚ್ಚಳ ತೆಗೆಯುವವಳು. ಅವಳ ಗಂಡ ಬಸ್ ಡ್ರೈವರ್. ತಾನು ಬಸ್ ಸ್ಟಾರ್ಟ್ ಮಾಡುವಷ್ಟರಲ್ಲಿ ಇವಳು ಇಳಿಯುವುದಕ್ಕೆಂದು ಬಾಗಿಲ ಹತ್ತಿರ ಹೋಗಿ ನಿಂತಿರುತ್ತಾಳೆ ಎಂದು ಅವನು ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಹಾಗೆಂದು ಅವಳನ್ನು ಹಗುರವಾಗಿ ನೋಡಬೇಡಿ. ಬೇರೆಯವರು ಇನ್ನೂ ಆಲೋಚಿಸುತ್ತಿರುವಾಗ ಅವಳು ಕೆಲಸ ಮುಗಿಸಿ ಕೈ ತೊಳೆದಿರುತ್ತಿದ್ದಳು. ರೋಗ ಹಿಡಿದ ಒಂದು ತೋಟವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಆ ಆತುರವೇ.

ತೋಟ ಅವಳ ಅತ್ತೆಯದು. ಮಾವ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಒಂದು ಕ್ವಾರ್ಟರ್ಸ್‌ನಿಂದ ಇನ್ನೊಂದು ಕ್ವಾರ್ಟರ್ಸ್‌ಗೆ ಪಾತ್ರೆಪಡಗ ಹೊತ್ತು ಹೊತ್ತು ಸಾಕಾಗಿದ್ದ ಅತ್ತೆ, ಮಾವ ನಿವೃತ್ತರಾದ ಕೂಡಲೇ ಗುಡ್ಡದ ಇಳಿಜಾರಿನಲ್ಲಿದ್ದ ಈ ಮನೆಯನ್ನು, ಹಿಂದಿನ ಹಳೆಯ ಸೇಬಿನ ತೋಟದ ಸಮೇತ, ಹಟ ಹಿಡಿದು ಕೊಳ್ಳಿಸಿದ್ದರು. ಹಳಿ ನಿಮ್ಮದಾಗಿತ್ತು, ಗಿಡ ನನ್ನದು ಎಂದು ಗಂಡನಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದರಂತೆ. ಮಾವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ತೋಟದಲ್ಲಿ ಎಷ್ಟು ಮರ ಇವೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ತಟ್ಟೆಗೆ ಬಂದದ್ದನ್ನು ತಿಂದು, ಚೆನ್ನಾಗಿದೆ ಎಂದು ಹೇಳಿ, ಕಿಟಕಿಯ ಪಕ್ಕ ಕುಳಿತು ದೂರದ ರೈಲಿನ ಸದ್ದಿಗೆ ಕಿವಿ ಕೊಡುತ್ತಿದ್ದರು.

ಆಗ ಆತುರಮ್ಮ ಮತ್ತು ಅವಳ ಗಂಡ ಇದ್ದದ್ದು ಪೇಟೆಯಲ್ಲಿ, ಬಸ್ ಡಿಪೋ ಪಕ್ಕದ ಬಾಡಿಗೆ ಮನೆಯಲ್ಲಿ. ಪ್ರತಿ ವರ್ಷ ಚಳಿ ಮೂಳೆಗಿಳಿಯುವ ಹೊತ್ತಿಗೆ ಅತ್ತೆಯಿಂದ ಒಂದು ಬುಟ್ಟಿ ಬಸ್ಸಿನಲ್ಲಿ ಬರುತ್ತಿತ್ತು. ಬುಟ್ಟಿಯ ತುಂಬ ಕಾಗದದಲ್ಲಿ ಸುತ್ತಿದ ಸೇಬು. ಬಂಗಾರದ ಹಳದಿ, ಅಜ್ಜಿಯ ಕೆನ್ನೆಯ ಹಾಗೆ ಸಣ್ಣಗೆ ಸುಕ್ಕುಗಟ್ಟಿದ ಸಿಪ್ಪೆ. ಕಾಗದ ಬಿಚ್ಚಿದರೆ ಮನೆಯೆಲ್ಲ ಘಮಘಮ. ಕಚ್ಚಿದರೆ ಮೊದಲು ಸಿಹಿ, ಅದರ ಬೆನ್ನಿಗೆ ತೆಳ್ಳನೆಯ ಹುಳಿ, ಕೊನೆಗೆ ಬಾದಾಮಿ ಅಗಿದಂಥ ಒಂದು ರುಚಿ ನಾಲಿಗೆಯ ಮೇಲೆ ತುಂಬ ಹೊತ್ತು ಉಳಿಯುತ್ತಿತ್ತು. ಆತುರಮ್ಮ ತನ್ನ ಜೀವಮಾನದಲ್ಲಿ ನಿಧಾನವಾಗಿ ತಿಂದ ಪದಾರ್ಥ ಅದೊಂದೇ.

ಅತ್ತೆ ತೀರಿಕೊಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಮಾವನ ಜೊತೆಗಿರಲು ಬಂದು ಸೇರಿದರು. ಬಂದು ನೋಡಿದರೆ ತೋಟಕ್ಕೆ ಕಜ್ಜಿ ರೋಗ. ಎಲೆಯ ಮೇಲೆಲ್ಲ ಕಪ್ಪು ಮಚ್ಚೆ, ಹಣ್ಣಿನ ಮೈಯೆಲ್ಲ ಬಿರುಕು. ಔಷಧಿ ಹೊಡೆದೂ ಆಯಿತು, ಉದುರಿದ ಎಲೆ ಗುಡಿಸಿ ಸುಟ್ಟೂ ಆಯಿತು. ರೋಗ ತಡೆಯುವ ಹೊಸ ತಳಿ ಬಂದಿದೆ, ಹಳೆಯದನ್ನು ತೆಗೆದು ಅದನ್ನು ಹಾಕಿ ಎಂದು ಸುತ್ತಲಿನ ತೋಟದವರು ಹೇಳಿದ್ದೇ ತಡ, ಆತುರಮ್ಮ ಗರಗಸದಣ್ಣನನ್ನು ಕರೆಸಿದಳು. ಮೆಷಿನ್ ಗರಗಸ ಹಿಡಿದು ಊರೂರು ತಿರುಗುವ ಅವನು ಸಾಲಿಗೆ ಸಾಲೇ ಉರುಳಿಸಿದ. ಮೂಲೆಯಲ್ಲಿ ಕಲ್ಲುಗೋಡೆಯ ಪಕ್ಕ ಇದ್ದ ಒಂದು ಮರದ ಸರದಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಆ ಮರಕ್ಕೆ ರೋಗವೇನೂ ಇರಲಿಲ್ಲವಾದ್ದರಿಂದ ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟರು.

ಆ ವರ್ಷ ಚಳಿ ಬಂತು. ಒಂದು ದಿನ ಊಟ ಮುಗಿಸಿದ ಮಾವ ತಟ್ಟೆಯ ಮುಂದೆಯೇ ಸ್ವಲ್ಪ ಹೊತ್ತು ಕುಳಿತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಅವಳ ಹಳದಿ ಹಣ್ಣು ಈ ಸಲ ಇಲ್ಲವಾಮ್ಮ?"

ಕಡಿಸಿ ಹಾಕಿದ ಮರಗಳಲ್ಲೇ ಯಾವುದೋ ಒಂದು ಅತ್ತೆಯ ಹಳದಿ ಹಣ್ಣಿನ ಮರವಾಗಿರಬೇಕು ಎಂದು ಆತುರಮ್ಮನಿಗೆ ಆಗ ಹೊಳೆಯಿತು. ಯಾವುದೆಂದು ಮಾವನಿಗೂ ಗೊತ್ತಿಲ್ಲ. ಎಲ್ಲ ಹಣ್ಣನ್ನೂ ಅವಳು ಅಟ್ಟಕ್ಕೆ ಹೊರುತ್ತಿದ್ದಳು ಎಂದಷ್ಟೇ ಅವರು ಹೇಳಿದರು. ಮರುದಿನ ಆತುರಮ್ಮ ಪೇಟೆಯಿಂದ ಕೆಂಪಗೆ ಹೊಳೆಯುವ ಸೇಬು ತರಿಸಿ ಹೆಚ್ಚಿಕೊಟ್ಟಳು. ಮಾವ ಒಂದು ಹೋಳು ತಿಂದು, ಚೆನ್ನಾಗಿದೆ ಎಂದು ಹೇಳಿ, ತಟ್ಟೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿದರು. ಮುಂದಿನ ಚಳಿಗಾಲದಲ್ಲಿ ಅವರು ಕೇಳಲೇ ಇಲ್ಲ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ, ಹೀಗೆ ಕೇಳದೆ ಉಳಿದದ್ದು ಅವಳನ್ನು ಒಳಗೊಳಗೇ ಕೊರೆಯಿತು. ಈ ಮಾತನ್ನು ಅವಳು ಗಂಡನ ಹತ್ತಿರವೂ ಆಡಲಿಲ್ಲ.

ಹೊಸ ಗಿಡಗಳ ವಿಷಯಕ್ಕೆ ಬಂದರೆ, ಹೊಗಳದೆ ಬೇರೆ ದಾರಿಯಿಲ್ಲ. ಆಳೆತ್ತರ ದಾಟದ ಗಿಡ, ಏಣಿ ಬೇಡ, ನೆಲದಲ್ಲಿ ನಿಂತೇ ಕೀಳಬಹುದು. ನೆಟ್ಟು ಕೆಲವೇ ವರ್ಷಕ್ಕೆ ಫಸಲು. ಎಲೆಯ ಮೇಲೆ ಹುಡುಕಿದರೂ ಮಚ್ಚೆಯಿಲ್ಲ. ಹಣ್ಣೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ, ದುಂಡಗೆ, ಕೆಂಪಗೆ. ಗಿಡದಿಂದ ಕಿತ್ತು ಕಚ್ಚಿದರೆ ಕಟುಂ ಎಂದು ಮುರಿದು ಗದ್ದದವರೆಗೆ ರಸ ಇಳಿಯುತ್ತಿತ್ತು. ಆತುರಮ್ಮನಂಥವರಿಗೆಂದೇ ಯಾರೋ ಕೂತು ಮಾಡಿದ ಹಣ್ಣು ಅದು. ಆದರೆ ಚಳಿ ಶುರುವಾಗುವ ಹೊತ್ತಿಗೆ ಅದೇ ಹಣ್ಣು ಬಾಯಲ್ಲಿ ಹಿಟ್ಟುಹಿಟ್ಟಾಗುತ್ತಿತ್ತು. ಅಷ್ಟರಲ್ಲಿ ಮುಗಿದೂ ಹೋಗಿರುತ್ತಿತ್ತು ಬಿಡಿ.

ಅದರ ಎದುರು ಮೂಲೆಯ ಮರವನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಹಣ್ಣಿಗೆ ಮಾಸಲು ಕಂದು ಬಣ್ಣ, ಮುಟ್ಟಿದರೆ ಒರಟು, ದೂರದಿಂದ ಥೇಟ್ ಆಲೂಗೆಡ್ಡೆ. ಅಕ್ಕಪಕ್ಕದವರು ಅದನ್ನು ಆಲೂಗೆಡ್ಡೆ ಮರ ಎಂದೇ ಕರೆಯುತ್ತಿದ್ದರು. ಆತುರಮ್ಮ ಪ್ರತಿ ವರ್ಷ ಹಣ್ಣು ಕೀಳುವ ದಿನ ಒಂದನ್ನು ಕಚ್ಚಿ ನೋಡುವಳು, ಮುಖ ಕಿವುಚುವಳು, ಉಗುಳುವಳು, ಉಳಿದದ್ದನ್ನು ಪಕ್ಕದ ಮನೆಯ ದನಗಳಿಗೆ ಹಾಕಿಸುವಳು. ಕೊನೆಗೆ ಈ ಸಲ ಆ ಮರಕ್ಕೂ ಗತಿ ಕಾಣಿಸಿಬಿಡೋಣ ಎಂದು ಗರಗಸದಣ್ಣನಿಗೆ ಹೇಳಿ ಕಳಿಸಿದಳು. ಆ ಜಾಗಕ್ಕೆ ಹೊಸ ಸಸಿ ಬೇಕೆಂದು ನರ್ಸರಿಗೂ ಹೇಳಿ ಕಳಿಸಿದಳು.

ನರ್ಸರಿಯಿಂದ ಬಂದವಳು ಕಸಿಯಕ್ಕ. ಆ ಕಡೆಯ ತೋಟಗಳಲ್ಲಿರುವ ಹೊಸ ಗಿಡಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯಿಂದ ಕಸಿಯಾದವು. ಸೊಂಟದಲ್ಲೊಂದು ಮಡಚುವ ಚಾಕು, ಹೆಬ್ಬೆರಳ ತುಂಬ ಹಳೆಯ ಗೀರು. ಆತುರಮ್ಮ ಅವಳನ್ನು ಸೀದಾ ಮೂಲೆಗೆ ಕರೆದೊಯ್ದು, ಈ ಮರ ಹೋದರೆ ಎಷ್ಟು ಸಸಿ ಹಿಡಿಸುತ್ತದೆ ಎಂದು ಕೇಳಿದಳು. ಕಸಿಯಕ್ಕ ಜಾಗ ಅಳೆಯಲಿಲ್ಲ. ಮರವನ್ನೊಮ್ಮೆ ನೋಡಿದಳು, ಹೊಸ ಸಾಲುಗಳ ನಡುವೆ ಆ ತುದಿಯವರೆಗೆ ನಡೆದು ಹೋಗಿ ತಿರುಗಿ ಬಂದಳು.

"ಈ ಮರದ ಹತ್ತಿರದ ಗಿಡಗಳಿಗೆ ಕೋಲು ಕೊಟ್ಟು ನಿಲ್ಲಿಸಿದ್ದೀಯ, ಅಷ್ಟು ಕಾಯಿ. ಆ ತುದಿಯಲ್ಲಿ ಯಾಕೆ ಇಷ್ಟು ಕಡಿಮೆ?" ಎಂದು ಕೇಳಿದಳು.

ಅಲ್ಲಿ ಮಣ್ಣು ಸರಿಯಿಲ್ಲ ಎಂದಳು ಆತುರಮ್ಮ. ಎಷ್ಟು ಗೊಬ್ಬರ ಸುರಿದರೂ ಎಲೆ ಬರುತ್ತದೆಯೇ ಹೊರತು ಕಾಯಿ ಬರುವುದಿಲ್ಲ.

"ಹೂವು?"

"ಹೂವಿಗೇನು ಬರ ಇಲ್ಲ ಅಕ್ಕ. ಗಿಡ ಕಾಣದ ಹಾಗೆ ಬಿಡುತ್ತೆ. ಆಮೇಲೆ ಎಲ್ಲ ಉದುರಿಹೋಗುತ್ತೆ."

"ಹಾಗಿದ್ದರೆ ಮಣ್ಣನ್ನು ಬೈಬೇಡ," ಎಂದಳು ಕಸಿಯಕ್ಕ. "ನಿನ್ನ ಹೊಸ ಗಿಡ ಎಲ್ಲ ಒಂದೇ ತಳಿ. ಒಂದೇ ಮರದ ಕಡ್ಡಿಯಿಂದ ನಾನೇ ಕಸಿ ಕಟ್ಟಿದ್ದು. ಲೆಕ್ಕಕ್ಕೆ ಇಷ್ಟೊಂದು ಗಿಡ, ಒಳಗೆ ನೋಡಿದರೆ ಒಂದೇ ಗಿಡ. ಸೇಬಿನ ಹೂವಿಗೆ ತನ್ನ ತಳಿಯ ಪರಾಗ ಬಿದ್ದರೆ ಸಾಮಾನ್ಯವಾಗಿ ಕಾಯಿ ಕಚ್ಚೋದಿಲ್ಲ. ಅದೇ ಹೊತ್ತಿಗೆ ಹೂ ಬಿಡೋ ಬೇರೆ ತಳಿಯ ಪರಾಗ ಬೇಕು, ಅದನ್ನು ಜೇನುಹುಳ ತಂದು ಹಾಕಬೇಕು. ಈ ತೋಟದಲ್ಲಿ ಬೇರೆ ತಳಿ ಅಂತ ಯಾವುದಿದೆ, ನೀನೇ ನೋಡಿ ಹೇಳು."

ನೋಡುವುದೇನು, ಬೇರೆ ತಳಿ ಎಂದು ಇದ್ದದ್ದು ಆಲೂಗೆಡ್ಡೆ ಮರ ಒಂದೇ. ಅದರ ಹತ್ತಿರ ಕಾಯಿಯ ಭಾರಕ್ಕೆ ಬಾಗಿದ ಕೊಂಬೆಗಳು, ದೂರ ಹೋದಂತೆ ಬರೀ ಎಲೆ. ಇಷ್ಟು ವರ್ಷ ದಿನಾ ಓಡಾಡಿದ ದಾರಿಯಲ್ಲೇ ಇದು ಕಣ್ಣಿಗೆ ಬಿದ್ದಿರಲಿಲ್ಲ. ಆ ತುದಿಗೆ ಹೊತ್ತು ಹಾಕಿದ ಗೊಬ್ಬರದ ಬುಟ್ಟಿಗಳೆಲ್ಲ ನೆನಪಾಗಿ ಅವಳ ಸೊಂಟ ಮತ್ತೊಮ್ಮೆ ನೋಯಿತು. ಆದರೂ ಅವಳು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಬೇರೆ ತಳಿ ಬೇಕೆಂದರೆ ಇನ್ನೊಂದು ಹೊಸ ತಳಿಯನ್ನೇ ಹಾಕಿದರಾಯಿತು, ಈ ಮುದಿ ಮರವೇ ಯಾಕಿರಬೇಕು ಎಂದು ವಾದ ಹೂಡಿದಳು.

ಕಸಿಯಕ್ಕ ಅದನ್ನು ಒಪ್ಪಿದಳು. ಅದೂ ಒಂದು ದಾರಿಯೇ, ಹೂವಿನ ಕಾಲ ಹೊಂದುವ ಹೊಸ ತಳಿಗಳಿವೆ ಎಂದಳು. "ಆದರೆ ಅವು ಬೆಳೆದು ಹೂ ಬಿಡೋವರೆಗೆ ಕಾಯಬೇಕು. ಕಾಯ್ತೀಯಾ?"

ಆತುರಮ್ಮ ಮಾತು ಬದಲಿಸಿ, ಇದರ ಹಣ್ಣಾದರೂ ತಿನ್ನುವ ಹಾಗಿದೆಯೇ ಎಂದಳು.

ಕಸಿಯಕ್ಕ ಕೈಗೆಟುಕಿದ ಒಂದು ಹಣ್ಣು ಕಿತ್ತು ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಈಗ ಉಗುಳುತ್ತಾಳೆ ನೋಡು ಎಂದು ಆತುರಮ್ಮ ಕಾದಳು. ಅವಳು ಉಗುಳಲಿಲ್ಲ, ಕಣ್ಣು ಮುಚ್ಚಿ ಅಗಿದಳು. ಇದನ್ನು ನೀವು ಯಾವಾಗ ತಿನ್ನುತ್ತೀರಿ ಎಂದು ಕೇಳಿದಳು. ಕಿತ್ತ ದಿನ, ಇನ್ಯಾವಾಗ ಎಂದಳು ಆತುರಮ್ಮ.

ಕಸಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ಕಾಲದಲ್ಲಿ ಈಗಿನಂತೆ ತಣ್ಣನೆಯ ಗೋದಾಮು ಎಲ್ಲಿತ್ತು, ಚಳಿಗಾಲ ಪೂರ್ತಿ ಮನೆಯಲ್ಲೇ ಉಳಿಯಲಿ ಎಂದು ಕೆಲವು ತಳಿಗಳನ್ನು ಬೆಳೆಸುತ್ತಿದ್ದರು ಎಂದು ವಿವರಿಸಿದಳು. ಅಂಥವು ಮರದ ಮೇಲೆ ಹಣ್ಣಾಗುವುದಿಲ್ಲ, ಮನೆಯೊಳಗೆ ಇಟ್ಟಲ್ಲಿ ನಿಧಾನಕ್ಕೆ ಮಾಗುತ್ತವೆ. ಇದೂ ಅಂಥದ್ದೇ ಇರಬೇಕೆಂದು ಅವಳ ಅಂದಾಜು. ಆತುರಮ್ಮನಿಗೆ ನಂಬಿಕೆ ಬರಲಿಲ್ಲ. ಹುಳಿ ಎಂದರೆ ಹುಳಿ, ಕಲ್ಲು ಎಂದರೆ ಕಲ್ಲು, ಇಟ್ಟ ಮಾತ್ರಕ್ಕೆ ಕಲ್ಲು ಬೆಲ್ಲವಾಗುತ್ತದೆಯೇ? ಅಷ್ಟು ಬೇಕೆಂದರೆ ನಾಲ್ಕು ಬೀಜ ಎತ್ತಿಟ್ಟುಕೊಳ್ಳೋಣ, ಮುಂದೆ ಬೇಕಾದಾಗ ಬಿತ್ತಿದರಾಯಿತು ಎಂದಳು.

"ಬೀಜದಿಂದ ಬರೋದು ಈ ಮರ ಅಲ್ಲ ತಂಗಿ, ಇದರ ಮಗು," ಎಂದಳು ಕಸಿಯಕ್ಕ. "ಮಗು ಯಾರನ್ನು ಹೋಲುತ್ತೋ ಯಾರಿಗೆ ಗೊತ್ತು. ಇದೇ ಹಣ್ಣು ಬೇಕಂದರೆ ಇದರದ್ದೇ ಕಡ್ಡಿ ಬೇಕು. ಕಡ್ಡಿ ತೆಗೆಯೋದು ಎಲೆ ಉದುರಿ ಮರ ನಿದ್ದೆ ಹೋದ ಮೇಲೆ. ನೀನು ಕಡಿಸೋದೇ ಆದರೆ ಚಳಿಗಾಲಕ್ಕೆ ಕಡಿಸು. ಅಲ್ಲಿವರೆಗೆ ಒಂದು ಬುಟ್ಟಿ ಹಣ್ಣು ಎತ್ತಿಟ್ಟು ನೋಡು. ಇದೊಂದು ನನಗೋಸ್ಕರ."

ಹೊಸ ತಳಿಯನ್ನು ತಂದುಕೊಟ್ಟವಳೇ ಹಳೆಯದರ ಪರ ಮಾತಾಡುವುದು ಆತುರಮ್ಮನಿಗೆ ವಿಚಿತ್ರವೆನಿಸಿತು. ಅದನ್ನು ಕೇಳಿಯೂ ಬಿಟ್ಟಳು. ಎರಡೂ ಬೇಕು ಎಂದಳು ಕಸಿಯಕ್ಕ. ಈ ಕೆಂಪು ಹಣ್ಣನ್ನು ಹುಟ್ಟಿಸಿದವರು ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಮುಟ್ಟಿಸಿ, ಬೀಜ ಬಿತ್ತಿ, ಪ್ರತಿ ಗಿಡವೂ ಫಲ ಕೊಡುವವರೆಗೆ ಕಾದು, ರುಚಿ ನೋಡಿ, ನೂರಾರನ್ನು ಕಿತ್ತೆಸೆದು, ಕೊನೆಗೆ ಇದೊಂದನ್ನು ಉಳಿಸಿಕೊಂಡವರು. ಅವರ ತಾಳ್ಮೆಗೆ ಕೈ ಮುಗಿಯಬೇಕು. ಆದರೆ ಅವರು ಆರಿಸಿಕೊಂಡ ತಾಯಿ ತಂದೆ ಎಲ್ಲಿಂದ ಬಂದವು? ಯಾರದೋ ತೋಟದ ಮೂಲೆಯಲ್ಲಿ ಕಡಿಯದೆ ಉಳಿಸಿದ್ದ ಇಂಥ ಮರಗಳಿಂದಲೇ. ಎಲ್ಲರೂ ಕಡಿಸಿಬಿಟ್ಟಿದ್ದರೆ ಈ ಹೊಸದೂ ಇರುತ್ತಿರಲಿಲ್ಲ.

ಹಣ್ಣು ಇಡುವುದಕ್ಕೆ ಇಬ್ಬರೂ ಅಟ್ಟ ಹತ್ತಿದರು. ಅಲ್ಲಿ ಮರದ ಪಟ್ಟಿ ಹೊಡೆದು ಮಾಡಿದ ಹಲಗೆಗಳ ಒಂದು ಸಾಲು ಇತ್ತು. ಆತುರಮ್ಮ ಅದರ ಮೇಲೆ ಹಾಸಿಗೆ ಬಟ್ಟೆ ಒಣಗಿಸುತ್ತಿದ್ದಳು. ಪಟ್ಟಿಗಳ ನಡುವೆ ಗಾಳಿಯಾಡುವಷ್ಟು ಸಂದಿ. ಇದನ್ನು ಯಾರು ಮಾಡಿದ್ದು ಎಂದು ಕಸಿಯಕ್ಕ ಕೇಳಿದಾಗ, ಮಾವ ಕೆಳಗಿನಿಂದಲೇ ತಾನು ಎಂದರು. ಹೆಂಡತಿ ಸಂದಿ ಬಿಟ್ಟು ಹೊಡೆದುಕೊಡಿ ಎಂದಳು, ಹೊಡೆದುಕೊಟ್ಟೆ, ಯಾಕೆ ಎಂದು ಕೇಳಲಿಲ್ಲ ಎಂದರು. ಕಸಿಯಕ್ಕ ಪೆಟ್ಟು ಬಿದ್ದ ಹಣ್ಣುಗಳನ್ನು ಬೇರೆ ತೆಗೆದಳು, ತೊಟ್ಟು ಗಟ್ಟಿಯಾಗಿದ್ದವನ್ನು ಮಾತ್ರ ಆರಿಸಿದಳು. ತೊಳೆಯಬೇಡ, ಒಂದಕ್ಕೊಂದು ತಾಗಿಸಬೇಡ, ಬಿಸಿಲು ಬೀಳಿಸಬೇಡ, ಆಗಾಗ ನೋಡಿ ಕೊಳೆತದ್ದಿದ್ದರೆ ತೆಗೆದುಬಿಡು ಎಂದಳು. ಕೊನೆಗೆ, ದಮ್ಮಯ್ಯ, ದಿನಾ ಕಚ್ಚಿ ನೋಡಬೇಡ ಎಂದೂ ಸೇರಿಸಿದಳು.

ಆತುರಮ್ಮ ವಾರ ಕಳೆಯುವ ಮೊದಲೇ ಕಚ್ಚಿ ನೋಡಿದಳು. ಹುಳಿ. ಮತ್ತೆ ಕೆಲವು ದಿನ ಬಿಟ್ಟು ನೋಡಿದಳು. ಹುಳಿಯೇ. ಇನ್ನೊಮ್ಮೆ ನೋಡಿದಾಗ ಹುಳಿಯ ಜೊತೆಗೆ ಸಿಪ್ಪೆ ಬೇರೆ ಸುಕ್ಕಾಗತೊಡಗಿತ್ತು. ಹೀಗೇ ಬಿಟ್ಟರೆ ಮಾಗುವುದಕ್ಕೆ ನೀನು ಹಣ್ಣೇ ಉಳಿಸುವುದಿಲ್ಲ ಎಂದು ಗಂಡ ಛೇಡಿಸಿದ. ಕಸಿಯಕ್ಕನ ಮಾತು ಕೇಳಿ ಕೆಟ್ಟೆ ಎಂದು ಅವಳು ಅಟ್ಟದ ಕಡೆಗೆ ಹೋಗುವುದನ್ನೇ ಬಿಟ್ಟಳು. ಗರಗಸದಣ್ಣನಿಗೆ ಚಳಿಗಾಲದ ದಿನ ಗೊತ್ತುಮಾಡಿದಳು, ಕಡ್ಡಿ ತೆಗೆದುಕೊಳ್ಳಲು ಅದೇ ದಿನ ಬರಬೇಕೆಂದು ಕಸಿಯಕ್ಕನಿಗೂ ಹೇಳಿ ಕಳಿಸಿದಳು. ಅಲ್ಲಿಗೆ ಅವಳ ಮಟ್ಟಿಗೆ ಆಲೂಗೆಡ್ಡೆ ಮರದ ಕಥೆ ಮುಗಿದಿತ್ತು.

ಗೊತ್ತು ಮಾಡಿದ ದಿನ ಬೆಳಿಗ್ಗೆ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಎಲೆ ಉದುರಿದ ಮರ ಬರೀ ಕೊಂಬೆಯಾಗಿ ನಿಂತಿತ್ತು. ಗರಗಸದಣ್ಣ ಹೇಳಿದ ಹೊತ್ತಿಗೆ ಬಂದ. ಕಸಿಯಕ್ಕ ಬರಬೇಕಾದ ಬಸ್ಸು ಬರಲಿಲ್ಲ. ಅದನ್ನು ಓಡಿಸುತ್ತಿದ್ದವನು ಆತುರಮ್ಮನ ಗಂಡನೇ. ರಸ್ತೆಯಲ್ಲಿ ಮಂಜು ಕವಿದರೆ ಅವನು ಬಸ್ಸನ್ನು ನಡೆಸುವುದು ನಡಿಗೆಗಿಂತ ನಿಧಾನ. ಒಂದು ಸ್ವಲ್ಪ ಕಾಯೋಣವೇ ಎಂದು ಗರಗಸದಣ್ಣ ಕೇಳಿದ. ಕೇಳಿದ್ದು ಯಾರನ್ನು, ನೋಡಿ! ಗೋಡೆಯ ಕಡೆಯ ಕೊಂಬೆಯಿಂದ ಶುರು ಮಾಡಿರಿ, ಅವರು ಬರುವಷ್ಟರಲ್ಲಿ ಅರ್ಧ ಕೆಲಸವಾದರೂ ಮುಗಿಯುತ್ತದೆ ಎಂದಳು ಆತುರಮ್ಮ. ಅವನು ಕಿವಿಗೆ ಮುಚ್ಚಳ ಹಾಕಿಕೊಂಡು ತೋಟಕ್ಕೆ ಇಳಿದ. ಇವಳು ಹಲಗೆ ಖಾಲಿ ಮಾಡಿ ಆ ಹಣ್ಣನ್ನೂ ದನಕ್ಕೆ ಹಾಕಿಬಿಡೋಣ ಎಂದು ಅಟ್ಟದ ಏಣಿ ಹತ್ತಿದಳು.

ಏಣಿಯ ಅರ್ಧಕ್ಕೆ ಬಂದವಳು ಹಾಗೇ ನಿಂತಳು. ಒಂದು ವಾಸನೆ. ಎಲ್ಲಿಯದು ಎಂದು ತಕ್ಷಣ ತಿಳಿಯಲಿಲ್ಲ. ಪೇಟೆಯ ಬಾಡಿಗೆ ಮನೆ, ನೆಲದ ಮೇಲೆ ಬುಟ್ಟಿ, ಸುತ್ತಿದ ಕಾಗದ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಅಟ್ಟದ ಬಾಗಿಲು ತಳ್ಳಿದಳು. ಹಲಗೆಯ ಮೇಲೆ ಆಲೂಗೆಡ್ಡೆ ಇರಲಿಲ್ಲ. ಬಂಗಾರದ ಹಳದಿ ಬಣ್ಣದ, ಸಣ್ಣಗೆ ಸುಕ್ಕುಗಟ್ಟಿದ ಹಣ್ಣುಗಳಿದ್ದವು. ಒಂದನ್ನೆತ್ತಿ ಕಚ್ಚಿದಳು. ಮೊದಲು ಸಿಹಿ, ಅದರ ಬೆನ್ನಿಗೆ ತೆಳ್ಳನೆಯ ಹುಳಿ, ಕೊನೆಗೆ ಬಾದಾಮಿ. ಅತ್ತೆಯ ಬುಟ್ಟಿ. ಇಷ್ಟು ವರ್ಷ ತಾನು ಕಡಿಸಿಬಿಟ್ಟೆ ಎಂದು ಒಳಗೊಳಗೇ ಕೊರಗಿದ ಮರ ಕಡಿದುಹೋಗಿರಲೇ ಇಲ್ಲ. ಅದನ್ನು ಈಗ ಕಡಿಸುತ್ತಿದ್ದಳು.

ಅಷ್ಟರಲ್ಲಿ ತೋಟದಲ್ಲಿ ಗರಗಸದ ಮೆಷಿನ್ ಗುರ್ರೆಂದಿತು.

ಅವಳು ಏಣಿ ಇಳಿದದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ. ಕಾಲಿನ ಚಪ್ಪಲಿ ಅಡುಗೆಮನೆಯಲ್ಲೇ ಉಳಿಯಿತು. ಒಂದು ಕೈಯಲ್ಲಿ ಕಚ್ಚಿದ ಹಣ್ಣು, ಇನ್ನೊಂದು ಕೈ ಮೇಲೆತ್ತಿ ನಿಲ್ಲಿಸಿ ನಿಲ್ಲಿಸಿ ಎಂದು ಕೂಗುತ್ತ ಓಡಿದಳು. ಕಿವಿ ಮುಚ್ಚಿಕೊಂಡವನಿಗೆ ಕೇಳಿಸುವುದು ಹೇಗೆ? ಅವಳು ಮೊದಲ ಸಾಲು ದಾಟುವಷ್ಟರಲ್ಲಿ ಗೋಡೆಯ ಕಡೆಯ ದೊಡ್ಡ ಕೊಂಬೆ ಲಟಲಟನೆ ಮುರಿದು ನೆಲಕ್ಕೆ ಬಿತ್ತು. ಗರಗಸದಣ್ಣ ಮುಂದಿನ ಕೊಂಬೆಗೆ ತಿರುಗಿದಾಗ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಿದ್ದ ಆತುರಮ್ಮ ಕಣ್ಣಿಗೆ ಬಿದ್ದಳು. ಗಾಬರಿಯಾಗಿ ಮೆಷಿನ್ ನಿಲ್ಲಿಸಿದ.

ಏನಾಯಿತಮ್ಮ ಎಂದು ಕೇಳಿದ. ಅವಳು ಕೈಯಲ್ಲಿದ್ದ ಹಣ್ಣಿನ ಕಚ್ಚದ ಭಾಗವನ್ನು ಮುರಿದು ಅವನ ಮುಂದೆ ಹಿಡಿದಳು. ಅವನು ಏನೂ ಅರ್ಥವಾಗದೆ ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ಮಧ್ಯೆ ಒಮ್ಮೆ ನಿಲ್ಲಿಸಿ ಮತ್ತೆ ಅಗಿದ.

"ಇದು ಯಾವ ಮರದ್ದು ತಾಯಿ?"

ಅವಳು ಬೆನ್ನ ಹಿಂದಿನ ಕಾಂಡವನ್ನು ತಟ್ಟಿ ತೋರಿಸಿದಳು. ಅವನು ಬಿದ್ದ ಕೊಂಬೆಯನ್ನು ನೋಡಿದ, ಮರವನ್ನು ನೋಡಿದ, ಗರಗಸವನ್ನು ಮೆಲ್ಲಗೆ ನೆಲಕ್ಕಿಟ್ಟ. ಈ ಕೈಯಿಂದ ಇಂಥವು ಎಷ್ಟು ಹೋಗಿವೆಯೋ ಎಂದು ಗೊಣಗಿಕೊಂಡ.

ಬಸ್ಸು ಬಂದಾಗ ಆತುರಮ್ಮ ಬಿದ್ದ ಕೊಂಬೆಯ ಪಕ್ಕ ಕುಳಿತು ಅಳುತ್ತಿದ್ದಳು. ಕಸಿಯಕ್ಕ ನಡೆದದ್ದನ್ನೆಲ್ಲ ಕೇಳಿದಳು. ಕಡಿದ ಜಾಗವನ್ನು ಸವರಿ ನೋಡಿ, ಮರ ತಡೆದುಕೊಳ್ಳುತ್ತದೆ, ಗಾಯ ತಾನೇ ಕೂಡಿಕೊಳ್ಳುತ್ತದೆ ಎಂದಳು. ಆಮೇಲೆ ಚಾಕು ಬಿಚ್ಚಿ ಕೊಂಬೆಯ ಪಕ್ಕ ಕುಳಿತಳು. ಈ ವರ್ಷ ಚಿಗುರಿದ ನೇರವಾದ ಕಡ್ಡಿಗಳನ್ನು ಆರಿಸಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಬಿದ್ದ ಕೊಂಬೆಯ ತುಂಬ ಕಡ್ಡಿಗಳಿದ್ದವು. ಇವನ್ನು ತಣ್ಣಗೆ ಇಟ್ಟು, ಚಳಿ ಕಳೆದು ಮರ ಎಚ್ಚರಗೊಳ್ಳುವ ಹೊತ್ತಿಗೆ ಬೇರು ಮಾತ್ರ ಒದಗಿಸಿ ಗಿಡವನ್ನು ಗಿಡ್ಡಗೆ ಇಡುವ ಬೇರುಗಿಡದ ಮೇಲೆ ಕಸಿ ಕಟ್ಟಿಕೊಡುತ್ತೇನೆ ಎಂದಳು. ಬೇರು ಹೊಸ ಕಾಲದ್ದು, ಹಣ್ಣು ಹಳೆಯ ಕಾಲದ್ದು, ಏಣಿ ಹತ್ತುವ ಕಷ್ಟವೂ ಇಲ್ಲ.

ಆ ಮಧ್ಯಾಹ್ನ ಆತುರಮ್ಮ ಒಂದು ಹಣ್ಣನ್ನು ತೆಳ್ಳಗೆ ಹೆಚ್ಚಿ ಮಾವನ ಮುಂದಿಟ್ಟಳು. ಮಾವ ಒಂದು ಹೋಳು ಬಾಯಿಗಿಟ್ಟುಕೊಂಡರು. ಚೆನ್ನಾಗಿದೆ ಎನ್ನಲಿಲ್ಲ. ದೂರದಲ್ಲಿ ರೈಲು ಹೋಯಿತು, ಅವರು ಅದರತ್ತ ಕಿವಿ ಕೊಡಲಿಲ್ಲ. ತಟ್ಟೆ ಪೂರ್ತಿ ಖಾಲಿಯಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದರು:

"ಇ‌ಷ್ಟು ವರ್ಷ ಎಲ್ಲಿತ್ತಮ್ಮ ಇದು?"

"ಇಲ್ಲೇ ಇತ್ತು ಮಾವ. ನಾನೇ ಕಾಯಲಿಲ್ಲ."

ಮಾವ ಎದ್ದರು. ಗೋಡೆ ಹಿಡಿದು ಹಿಂಬಾಗಿಲ ತನಕ ನಡೆದು ಚಪ್ಪಲಿ ಮೆಟ್ಟಿಕೊಂಡರು. ಯಾವ ಮರ ತೋರಿಸು ನಡೆ ಎಂದರು. ಈ ಮನೆಗೆ ಬಂದ ಮೇಲೆ ಅವರು ತೋಟಕ್ಕೆ ಕಾಲಿಟ್ಟದ್ದು ಅದೇ ಮೊದಲು. ಸೊಸೆಯ ಭುಜ ಹಿಡಿದು ಕೆಂಪು ಹಣ್ಣಿನ ಗಿಡಗಳ ನಡುವೆ ನಡೆದು, ಮೂಲೆಯ ಮರದ ಕಾಂಡದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು.

ಆ ಕಡ್ಡಿಗಳಿಂದಾದ ಗಿಡಗಳು ಈಗ ತೋಟದ ಆ ತುದಿಯಲ್ಲಿ, ಹೊಸ ಸಾಲುಗಳ ನಡುನಡುವೆ ನಿಂತಿವೆ. ಅವು ಹೂ ಬಿಡತೊಡಗಿದ ಮೇಲೆ ಅಲ್ಲಿನ ಕೆಂಪು ಗಿಡಗಳಿಗೂ ಕೋಲು ಕೊಡಬೇಕಾಗಿದೆ. ಉಳಿದ ಕಡ್ಡಿಗಳು ಊರಿನ ಬೇರೆ ತೋಟಗಳಿಗೆ ಹೋದವು. ಒಂದನ್ನು ಗರಗಸದಣ್ಣನೂ ಕೇಳಿ ಒಯ್ದ. ಈಗ ಅವನು ಮರ ಕಡಿಯುವ ಮೊದಲು ಮನೆಯವರನ್ನು, ಇದರ ಹಣ್ಣನ್ನು ಇಟ್ಟು ನೋಡಿದ್ದೀರಾ ಎಂದು ಕೇಳುತ್ತಾನಂತೆ. ಆತುರಮ್ಮ ಫಸಲು ಬಂದ ಕೂಡಲೇ ಕೆಂಪು ಹಣ್ಣನ್ನು ಗಿಡದಿಂದ ಕಿತ್ತು ಅಲ್ಲೇ ಕಚ್ಚುತ್ತಾಳೆ, ಚಳಿಗಾಲಕ್ಕೆ ಹಳದಿ ಹಣ್ಣಿಗಾಗಿ ಕಾಯುತ್ತಾಳೆ. ಕಾಯುತ್ತಾಳೆ ಎಂದೆನಲ್ಲ, ನಡುವೆ ಒಂದೆರಡು ಸಲ ಕಚ್ಚಿ ನೋಡುವುದನ್ನು ಇನ್ನೂ ಬಿಟ್ಟಿಲ್ಲ.

ಇನ್ನು ನಿಮ್ಮ ಮಾತು. ಹೊಸ ತಳಿ ಹಾಕಿ, ಖಂಡಿತ ಹಾಕಿ. ರೋಗ ತಡೆಯುವ, ಬೇಗ ಫಲ ಕೊಡುವ ಗಿಡ ಯಾರಿಗೆ ಬೇಡ? ಆದರೆ ತೋಟವಿಡೀ ಒಂದೇ ತಳಿ ಹಾಕಬೇಡಿ, ಜೊತೆಗೆ ಅದೇ ಕಾಲಕ್ಕೆ ಹೂ ಬಿಡುವ ಇನ್ನೊಂದು ಇರಲಿ. ಆರೋಗ್ಯವಾಗಿರುವ ಹಳೆಯ ಮರವನ್ನು ಕಡಿಯುವ ಮೊದಲು ಅದರ ಹಣ್ಣನ್ನು ತಣ್ಣನೆಯ, ಗಾಳಿಯಾಡುವ ಕತ್ತಲಲ್ಲಿ ಇಟ್ಟು, ಚಳಿಗಾಲದಲ್ಲೊಮ್ಮೆ ತಿಂದು ನೋಡಿ. ಹೇಗೂ ಕಡಿಯಲೇಬೇಕೆಂದಿದ್ದರೆ ಬೀಜವನ್ನು ನಂಬಿ ಕೂರಬೇಡಿ. ಎಲೆ ಉದುರಿದ ಮೇಲೆ ಕಸಿ ಕಟ್ಟುವವರನ್ನು ಕರೆದು ಕಡ್ಡಿ ತೆಗೆಸಿ, ನಾಲ್ಕು ಜನರಿಗೆ ಹಂಚಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು, ಬಾಯಿಬಿಟ್ಟು ಕೇಳದೆ, ಒಂದು ಹಳೆಯ ರುಚಿಗಾಗಿ ಕಾಯುತ್ತಿರಬಹುದು. ಅವರಿಗೋಸ್ಕರವಾದರೂ ಆ ಮೂಲೆಯ ಮರಕ್ಕೆ ಒಂದು ಚಳಿಗಾಲ ಬಿಟ್ಟುಕೊಡಿ.